ಹ್ಯಾಮರ್ ಹಾರರ್‌ನಲ್ಲಿ ಸುತ್ತಿಗೆ ಎಲ್ಲಿದೆ?

ಈಚೆಗೆ ಒಂದು ಸಿನಿಮಾ ವಿಮರ್ಶೆಯಲ್ಲಿ ‘ಹ್ಯಾಮರ್ ಹಾರರ್ ಮಾದರಿಯ ಚಿತ್ರ’ ಎಂಬ ಮಾತು ಕಣ್ಣಿಗೆ ಬಿತ್ತು. ಯಾವ ಚಿತ್ರವಿರಬಹುದು ಎಂದು ಮುಂದೆ ಓದಿದರೆ, ಅದರಲ್ಲಿ ಕೊಲೆಗಾರ ಸುತ್ತಿಗೆಯಿಂದ ತಲೆ ಒಡೆಯುತ್ತಾನೆ, ಅಷ್ಟೇ. ಅದಕ್ಕೂ ಮೊದಲು ಇನ್ನೊಂದು ಕಡೆ ಇದೇ ಪದಕ್ಕೆ ‘ಸುತ್ತಿಗೆ ಭಯಾನಕ’ ಎಂಬ ಅನುವಾದವನ್ನೂ ಕಂಡಿದ್ದೆ. ಎರಡನ್ನೂ ಹೇಗೋ ನುಂಗಿಕೊಂಡೆ. ಆದರೆ ಮೊನ್ನೆ ‘ದಿ ವಿಕರ್ ಮ್ಯಾನ್’ ಚಿತ್ರವನ್ನು ಯಾರೋ ಹ್ಯಾಮರ್ ಹಾರರ್‌ನ ಶಿಖರ ಎಂದು ಕೊಂಡಾಡಿದ್ದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಹ್ಯಾಮರ್ ಎಂಬುದು ಇಲ್ಲಿ ಆಯುಧವಲ್ಲ, ಒಂದು ಚಿತ್ರ ಕಂಪನಿ. ಕಂಪನಿಗೆ ಹೆಸರು ಬಂದದ್ದು ಒಬ್ಬ ಮನುಷ್ಯನಿಂದ. ಆ ಮನುಷ್ಯನಿಗೆ ಬಂದದ್ದು ಒಂದು ಊರಿನಿಂದ. ವಿಲಿಯಂ ಹೈಂಡ್ಸ್ ಲಂಡನ್ನಿನ ವ್ಯಾಪಾರಿ. ರಂಗದ ಮೇಲೆ ನಿಂತು ಜನರನ್ನು ನಗಿಸುವ ಹುಚ್ಚು ಅವನಿಗಿತ್ತು. ವೇಷ ಕಟ್ಟಿದಾಗ ಅವನ ಹೆಸರು ವಿಲ್ ಹ್ಯಾಮರ್. ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಅವನ ವಾಸ, ಅದರ ಮೊದಲರ್ಧವನ್ನು ಕತ್ತರಿಸಿ ಇಟ್ಟುಕೊಂಡ ಹೆಸರು ಅದು. 1934ರಲ್ಲಿ ಚಿತ್ರ ಕಂಪನಿ ಕಟ್ಟಿದಾಗ ಅದೇ ಹೆಸರನ್ನು ಅದಕ್ಕೂ ಅಂಟಿಸಿದ. ಅಂದರೆ, ಜಗತ್ತನ್ನು ಹೆದರಿಸಿದ ಕಂಪನಿಯ ಹೆಸರು ಒಬ್ಬ ಹಾಸ್ಯಗಾರನದು. ಮೊದಲ ಚಿತ್ರವೂ ಹಾಸ್ಯದ್ದೇ.

ಕನ್ನಡಿಗರಿಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾದದ್ದೇ ಸೋಜಿಗ. ಗುಬ್ಬಿ ಕಂಪನಿಯ ನಾಟಕ ಎಂದರೆ ಗುಬ್ಬಚ್ಚಿಗಳು ಆಡುವ ನಾಟಕ ಎಂದು ನಾವು ಯಾರೂ ತಿಳಿದವರಲ್ಲ. ತುಮಕೂರಿನ ಆಚೆಗೆ ಗುಬ್ಬಿ ಎಂಬ ಊರಿದೆ, ವೀರಣ್ಣನವರು ಆ ಊರಿನವರು ಎಂಬುದು ಮಕ್ಕಳಿಗೂ ಗೊತ್ತಿತ್ತು. ಲಂಡನ್ನಿನ ಊರಿನ ಹೆಸರು ಬಂದ ಕೂಡಲೇ ನಿಘಂಟು ತೆಗೆಯುವುದು ಯಾಕೋ.

ನಿಘಂಟನ್ನೇ ನಂಬುವುದಾದರೆ ಅರ್ಧಕ್ಕೆ ನಿಲ್ಲಬಾರದು. ಹ್ಯಾಮರ್‌ಸ್ಮಿತ್ ಎಂಬ ಹೆಸರು 13ನೇ ಶತಮಾನದ ದಾಖಲೆಯಲ್ಲೇ ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸುತ್ತಿಗೆಯ ಕುಲುಮೆ ಇದ್ದ ಜಾಗ ಎಂಬ ಅರ್ಥವನ್ನು ಊರ ಹೆಸರುಗಳನ್ನು ಬಲ್ಲವರು ಹೇಳುತ್ತಾರೆ. ಹೀಗೆ ಕಂಪನಿಯಿಂದ ವೇಷದ ಹೆಸರಿಗೆ, ವೇಷದ ಹೆಸರಿನಿಂದ ಊರಿಗೆ, ಊರಿನಿಂದ ಯಾವುದೋ ಕಾಲದ ಕಮ್ಮಾರನ ಕುಲುಮೆಗೆ ಇಳಿದರೆ ತಳದಲ್ಲಿ ನಿಜವಾಗಿಯೂ ಒಂದು ಸುತ್ತಿಗೆ ಸಿಗುತ್ತದೆ. ಅದು ಕಬ್ಬಿಣ ಬಡಿದ ಸುತ್ತಿಗೆ, ತಲೆ ಒಡೆದದ್ದಲ್ಲ.

ಇದರ ನೆರೆಯಲ್ಲೇ ಇನ್ನೊಂದು ಇಂಥ ಮಾತಿದೆ. ಬ್ರಿಟನ್ನಿನ ನಾಟಕ, ಸಿನಿಮಾದವರು ನಕಲಿ ರಕ್ತವನ್ನು ‘ಕೆನ್ಸಿಂಗ್ಟನ್ ಗೋರ್’ ಎನ್ನುತ್ತಾರೆ. ಕೆನ್ಸಿಂಗ್ಟನ್ ಗೋರ್ ಎಂಬುದು ಲಂಡನ್ನಿನ ಒಂದು ರಸ್ತೆ, ರಾಯಲ್ ಆಲ್ಬರ್ಟ್ ಹಾಲ್ ಇರುವುದು ಅಲ್ಲಿಯೇ. ರಸ್ತೆಯ ‘ಗೋರ್’ಗೆ ಮೂಲಾರ್ಥ ಮುಕ್ಕೋನ ಆಕಾರದ ನೆಲ. ಹೆಪ್ಪುಗಟ್ಟಿದ ರಕ್ತ ಎಂಬ ಅರ್ಥದ ‘ಗೋರ್’ ಬೇರೆಯೇ ಬೇರಿನ ಪದ. ಹಿಂದೆ ಅದಕ್ಕೆ ಸಗಣಿ, ಹೊಲಸು ಎಂಬ ಅರ್ಥವಿತ್ತು. ಎರಡರ ಉಚ್ಚಾರ ಒಂದೇ ಆದದ್ದರಿಂದ ಹುಟ್ಟಿದ ಶ್ಲೇಷೆ ಇದು. ಯಾರಾದರೂ ಇದನ್ನು ‘ಕೆನ್ಸಿಂಗ್ಟನ್ನಿನ ಹತ್ಯಾಕಾಂಡ’ ಎಂದು ಅನುವಾದಿಸುವ ಮೊದಲೇ ಹೇಳಿಬಿಟ್ಟಿದ್ದೇನೆ.

ಈಗ ಕಂಪನಿಗೆ ಬರೋಣ. ಹೈಂಡ್ಸ್ ಜೊತೆ ಸೇರಿದವನು ಸ್ಪೇನಿನಿಂದ ಬಂದ ಎನ್ರಿಕ್ ಕರೇರಸ್. ಮೊದಲ ಸುತ್ತು 1937ರಲ್ಲಿ ದಿವಾಳಿಯಲ್ಲಿ ಮುಗಿಯಿತು. ಯುದ್ಧದ ನಂತರ ಎರಡೂ ಮನೆಗಳ ಮಕ್ಕಳು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು: ಎನ್ರಿಕ್‌ನ ಮಗ ಜೇಮ್ಸ್, ಮೊಮ್ಮಗ ಮೈಕೆಲ್, ವಿಲಿಯಂನ ಮಗ ಆಂಟನಿ. ಈ ಆಂಟನಿ ನಿರ್ಮಾಪಕನಾಗಿದ್ದುಕೊಂಡೇ ಚಿತ್ರಕಥೆಗಳನ್ನೂ ಬರೆದ, ‘ಜಾನ್ ಎಲ್ಡರ್’ ಎಂಬ ಹೆಸರಿನಲ್ಲಿ. ಸುಳ್ಳು ಹೆಸರು ಇಟ್ಟುಕೊಳ್ಳುವುದು ಮನೆತನದ ಚಾಳಿ ಇರಬೇಕು.

ಸ್ಟುಡಿಯೋ ಎಂದರೆ ಅವರದು ದೊಡ್ಡ ಕೋಟೆಯೇನಲ್ಲ. ವಿಂಡ್ಸರ್ ಹತ್ತಿರದ ಬ್ರೇ ಎಂಬ ಹಳ್ಳಿಯ ಬಳಿ, ಥೇಮ್ಸ್ ನದಿಯ ದಂಡೆಯ ಮೇಲಿನ ಒಂದು ಹಳೆಯ ಬಂಗಲೆ. 1951ರಿಂದ ಒಂದೂವರೆ ದಶಕ ಅದೇ ಅವರ ಮನೆ. ಕಟ್ಟಿದ ಸೆಟ್ಟನ್ನು ಒಂದೇ ಚಿತ್ರಕ್ಕೆ ಬಳಸಿ ಕೆಡವುವ ಶ್ರೀಮಂತಿಕೆ ಇರಲಿಲ್ಲ. 1966ರಲ್ಲಿ ಬಂದ ಡ್ರಾಕುಲಾ ಚಿತ್ರದ ಕೋಟೆಯೇ ಅದೇ ವರ್ಷದ ರಾಸ್‌ಪುಟಿನ್ ಚಿತ್ರದಲ್ಲಿ ರಷ್ಯದ ಅರಮನೆಯಾಗಿದೆ. ಗೋಡೆ, ಮೆಟ್ಟಿಲು, ನಟ ಕ್ರಿಸ್ಟಫರ್ ಲೀ ಎಲ್ಲ ಅವೇ. ಲೀಗೆ ಗಡ್ಡ ಬಂದಿದೆ.

ಹೆದರಿಕೆಯಲ್ಲಿ ಹಣವಿದೆ ಎಂದು ಅವರಿಗೆ ಹೊಳೆದದ್ದು 1955ರಲ್ಲಿ. ಬಿಬಿಸಿಯ ಧಾರಾವಾಹಿಯೊಂದನ್ನು ಆಧರಿಸಿ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಮಾಡಿದರು. ವಯಸ್ಕರಿಗೆ ಮಾತ್ರ ಎಂಬ ಎಕ್ಸ್ ಸರ್ಟಿಫಿಕೇಟನ್ನು ಬೇರೆಯವರು ಕಳಂಕವೆಂದು ಮುಚ್ಚಿಡುತ್ತಿದ್ದ ಕಾಲ ಅದು. ಇವರು ಇಂಗ್ಲಿಷ್ ಹೆಸರಿನ ಕಾಗುಣಿತದಿಂದ ‘ಇ’ ಅಕ್ಷರವನ್ನೇ ಕಿತ್ತುಹಾಕಿ, ಎಕ್ಸ್ ಅಕ್ಷರ ಎದ್ದು ಕಾಣುವಂತೆ ಪೋಸ್ಟರ್ ಬರೆಸಿದರು.

ಆದರೂ ಹ್ಯಾಮರ್ ಹಾರರ್ ಎಂಬ ಪದಕ್ಕೆ ಸರಿಯಾದ ಆರಂಭ 1957ರ ‘ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’. ಅದುವರೆಗೆ ಫ್ರಾಂಕೆನ್‌ಸ್ಟೈನ್ ಎಂದರೆ ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದ ಕಪ್ಪುಬಿಳುಪು ಭೂತ. ಆ ಭೂತದ ಮುಖದ ಮೇಕಪ್ಪನ್ನು ನಕಲು ಮಾಡುವಂತಿರಲಿಲ್ಲ, ವಕೀಲರು ಕಾದು ಕೂತಿದ್ದರು. ಹಾಗಾಗಿ ಹ್ಯಾಮರ್‌ನವರು ಬೇರೆ ಮುಖ ಮಾಡಿದರು, ಬಣ್ಣದಲ್ಲಿ ಚಿತ್ರೀಕರಿಸಿದರು, ಕಥೆಯ ತೂಕವನ್ನು ಭೂತದಿಂದ ಅದನ್ನು ಮಾಡಿದವನ ಕಡೆಗೆ ಸರಿಸಿದರು. ಮುಂದಿನ ಚಿತ್ರಗಳಲ್ಲಿ ಭೂತ ಪ್ರತಿಸಲ ಬದಲಾಗುತ್ತದೆ, ಅದನ್ನು ಮಾಡಿದ ಬ್ಯಾರನ್ ಫ್ರಾಂಕೆನ್‌ಸ್ಟೈನ್, ಅಂದರೆ ನಟ ಪೀಟರ್ ಕುಶಿಂಗ್‌ನ ಪಾತ್ರ, ಮಾತ್ರ ಮರಳಿ ಬರುತ್ತಾನೆ: ಶಿಷ್ಟ, ಅಚ್ಚುಕಟ್ಟು, ಕರುಣೆಯಿಲ್ಲದವನು. ಭೂತವನ್ನೇ ಫ್ರಾಂಕೆನ್‌ಸ್ಟೈನ್ ಎಂದು ಕರೆಯುವ ಇನ್ನೊಂದು ಹಳೆಯ ತಪ್ಪಿಗೆ ಈ ಚಿತ್ರಗಳಲ್ಲಿ ಎಡೆಯೇ ಇಲ್ಲ.

ಮರುವರ್ಷದ ‘ಡ್ರಾಕುಲಾ’ ನೋಡಿದರೆ ಪದದ ಅರ್ಥ ಕಣ್ಣಿಗೇ ಕಾಣುತ್ತದೆ. ಆರಂಭದಲ್ಲಿ ಕ್ಯಾಮೆರಾ ನೆಲಮಾಳಿಗೆಗೆ ಇಳಿದು ಶವಪೆಟ್ಟಿಗೆಯ ಮೇಲಿನ ಹೆಸರಿನ ಹತ್ತಿರ ಬರುತ್ತದೆ. ಎಲ್ಲಿಂದಲೋ ಕಡುಗೆಂಪು ರಕ್ತ ಆ ಅಕ್ಷರಗಳ ಮೇಲೆ ತೊಟ್ಟಿಕ್ಕುತ್ತದೆ. ಕೊನೆಯಲ್ಲಿ ಕುಶಿಂಗ್ ಉದ್ದನೆಯ ಮೇಜಿನ ಮೇಲೆ ಓಡಿ, ಹಾರಿ ಪರದೆ ಕಿತ್ತೆಳೆದು ಬಿಸಿಲು ಒಳಗೆ ಬಿಡುತ್ತಾನೆ, ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುತ್ತಾನೆ. ಹಿನ್ನೆಲೆಯಲ್ಲಿ ಜೇಮ್ಸ್ ಬರ್ನಾರ್ಡ್ ಸಂಗೀತ ‘ಡ್ರಾ-ಕು-ಲಾ’ ಎಂದು ಆ ಹೆಸರಿನ ಅಕ್ಷರಗಳನ್ನೇ ಬಡಿಯುತ್ತದೆ. ನಿರ್ದೇಶಕ ಟೆರೆನ್ಸ್ ಫಿಶರ್. ವೇಷಭೂಷಣದ ಕಾಲ, ಮಧ್ಯ ಯುರೋಪಿನ ಹೆಸರಿರುವ ಇಂಗ್ಲಿಷ್ ಕಾಡು, ಕೆಂಪು ರಕ್ತ, ಇವೇ ನಟರು, ಇದೇ ಬಂಗಲೆ. 1957ರಿಂದ 70ರ ದಶಕದ ಮೊದಲ ವರ್ಷಗಳವರೆಗೆ ಈ ಅಚ್ಚಿನಲ್ಲಿ ಬಂದದ್ದು ಹ್ಯಾಮರ್ ಹಾರರ್.

ಹಾಗಾಗಿ 1973ರ ‘ದಿ ವಿಕರ್ ಮ್ಯಾನ್’ ಇದಲ್ಲ. ಅದು ಬ್ರಿಟಿಷ್ ಲಯನ್ ಕಂಪನಿಯದು. ಲೀ ಇದ್ದಾನೆ ಎಂಬುದೊಂದೇ ಗೊಂದಲಕ್ಕೆ ಕಾರಣ. 1968ರ ‘ವಿಚ್‌ಫೈಂಡರ್ ಜನರಲ್’ ಕೂಡ ಅಲ್ಲ, ಅದು ಟೈಗನ್‌ನದು. ಒಂದೇ ಚಿತ್ರದಲ್ಲಿ ನಾಲ್ಕೈದು ತುಂಡು ಕಥೆಗಳು, ಇಂದಿನ ಕಾಲದ ಬಟ್ಟೆ, ಕುಶಿಂಗ್ ಮತ್ತು ಲೀ ಇಬ್ಬರೂ ಇದ್ದರೆ ಅದು ಬಹುಪಾಲು ಆಮಿಕಸ್‌ನದು. ಅದನ್ನು ನಡೆಸುತ್ತಿದ್ದವರು ಇಬ್ಬರು ಅಮೆರಿಕನ್ನರು. ನಟರನ್ನು ನೋಡಿ ಕಂಪನಿ ಹೇಳುವುದು ನೆಂಟರನ್ನು ನೋಡಿ ಮನೆ ವಿಳಾಸ ಹೇಳಿದಂತೆ.

ತಲೆಕೆಳಗಾದ ತಪ್ಪೂ ಉಂಟು. ಹ್ಯಾಮರ್ ಮಾಡಿದ್ದೆಲ್ಲ ಹಾರರ್ ಅಲ್ಲ. 1971ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳನ್ನು ಅವರು ತುಂಬಿಸಿದ್ದು ‘ಆನ್ ದ ಬಸಸ್’ ಎಂಬ ಬಸ್ ಡ್ರೈವರ್‌ನ ಹಾಸ್ಯ ಚಿತ್ರದಿಂದ. 1959ರ ‘ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ’ ನಮ್ಮ ದೇಶದ ಥಗ್ಗರ ಮೇಲಿನದು, ಅದೇ ಫಿಶರ್ ನಿರ್ದೇಶನ, ಆದರೆ ಕಪ್ಪುಬಿಳುಪು, ಡ್ರಾಕುಲಾನ ಸುಳಿವಿಲ್ಲ. ಅದನ್ನು ಒಳಗೆ ಸೇರಿಸಬೇಕೋ ಹೊರಗಿಡಬೇಕೋ ಎಂದು ಯಾರಾದರೂ ಜಗಳಕ್ಕೆ ಬಂದರೆ ನಾನು ಸಿದ್ಧ. ನನ್ನ ಮತ ಹೊರಗೆ.

1979ರ ಹೊತ್ತಿಗೆ ಕಂಪನಿ ಮತ್ತೆ ಸಾಲದಲ್ಲಿ ಮುಳುಗಿತ್ತು. 2007ರಲ್ಲಿ ಹೊಸ ಮಾಲೀಕರ ಕೈಗೆ ಬಂದು, 2012ರಲ್ಲಿ ಡೇನಿಯಲ್ ರಾಡ್‌ಕ್ಲಿಫ್ ನಟಿಸಿದ ‘ದಿ ವುಮನ್ ಇನ್ ಬ್ಲ್ಯಾಕ್’ ಕೊಟ್ಟಿತು. ಇದು ಹ್ಯಾಮರ್ ಹಾರರ್ ಹೌದೇ ಎಂದು ಬರೆಯುವವರು ತಡವರಿಸುತ್ತಾರೆ. ಕನ್ನಡದಲ್ಲಿ ತಡವರಿಸುವ ಅಗತ್ಯವಿಲ್ಲ, ನಮಗೆ ಷಷ್ಠಿ ವಿಭಕ್ತಿ ಇದೆ. ಅದು ಹ್ಯಾಮರ್‌ನ ಹಾರರ್ ಚಿತ್ರ. ಆ ‘ನ’ ಇಲ್ಲದೆ ಬರೆಯುವುದಾದರೆ ಕುಶಿಂಗ್ ಮೇಜಿನ ಮೇಲೆ ಓಡುತ್ತಿರಬೇಕು.