ಕರಿಯನ ಮೂಗಿನಲ್ಲಿ ಇಂಬಳ ಇರಲಿಲ್ಲ

ಮಳೆಗಾಲ ಹಿಡಿದ ಹೊಸತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು ಕರಿಯ ಎಂಬ ನಾಯಿಯನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದರು. ಮೂರು ದಿನದಿಂದ ಎಡ ಹೊಳ್ಳೆಯಲ್ಲಿ ರಕ್ತ. "ಇಂಬಳ ಹೊಕ್ಕಿದೆ ಡಾಕ್ಟರೇ. ಹೊಗೆಸೊಪ್ಪಿನ ನೀರು ಬಿಟ್ಟು ನೋಡಿದೆವು, ಜಪ್ಪಯ್ಯ ಎನ್ನಲಿಲ್ಲ" ಎಂದರು ಯಜಮಾನರು. ಜೊತೆಗೆ ಬಂದಿದ್ದ ಅಜ್ಜಿ ಚೀಲದಿಂದ ಒಂದು ಪೊಟ್ಟಣ ಹಸಿರು ಪುಡಿ, ಒಂದು ಬಾಟಲಿ ಬಿಳಿ ಗುಳಿಗೆ ತೆಗೆದು ಮೇಜಿನ ಮೇಲಿಟ್ಟರು. 'ಸಮಗ್ರ ಪಶು ಚಿಕಿತ್ಸೆ' ಎಂಬ ಬೋರ್ಡು ಹಾಕಿದ ಒಂದು ಕಡೆ ಕೊಟ್ಟಿದ್ದಂತೆ. ರಕ್ತಶುದ್ಧಿಗೆ.

ಇಂಬಳದ ಊಹೆಯಲ್ಲಿ ತಪ್ಪಿಲ್ಲ. ಹಳ್ಳಕ್ಕೆ ಮೂತಿ ಇಟ್ಟು ನೀರು ಕುಡಿಯುವ ನಾಯಿಯ ಮೂಗಿಗೆ ಇಂಬಳ ಎಂಬ ಸಣ್ಣ ಜಿಗಣೆ ಏರುವುದು ನಮ್ಮ ಕಡೆ ಹೊಸದಲ್ಲ. ಅದಕ್ಕೆ ನಾನು ಮಾಡುವುದು ಇಷ್ಟೇ: ಕೆಲವು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ತಣ್ಣೀರು ತುಂಬಿ ಮೂಗಿನ ಕೆಳಗೆ ಹಿಡಿಯುತ್ತೇನೆ. ನೀರಿನ ಆಸೆಗೆ ಜಿಗಣೆ ತುದಿ ಚಾಚುತ್ತದೆ, ಚಿಮಟದಲ್ಲಿ ಹಿಡಿದು ಎಳೆಯುತ್ತೇನೆ. ಹೊಗೆಸೊಪ್ಪಿನ ನೀರು ಮಾತ್ರ ಬೇಡ. ಅದರ ನಿಕೋಟಿನ್ ಜಿಗಣೆಗಿಂತ ಮೊದಲು ನಾಯಿಯನ್ನೇ ಮಲಗಿಸೀತು.

ಕರಿಯನ ಮೂಗಿನಿಂದ ಏನೂ ಇಣುಕಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಅಂಗಾತ ಮಲಗಿಸಿದಾಗ ಕೂದಲಿಲ್ಲದ ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ಉಬ್ಬಿದ ಉಣುಗುಗಳು. ರಕ್ತಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ 18 ಸಾವಿರಕ್ಕೆ ಇಳಿದಿತ್ತು. ಆರೋಗ್ಯವಂತ ನಾಯಿಗೆ ಎರಡು ಲಕ್ಷದ ಮೇಲಿರಬೇಕು. ಉಣುಗು ಕಚ್ಚಿ ಬರುವ ಎರ್ಲಿಕಿಯಾ ಜ್ವರ. ಇಲಿ ಪಾಷಾಣ ತಿಂದ ನಾಯಿಗೂ ಹೀಗೆ ರಕ್ತ ಬರುತ್ತದೆ, ಕೊಳಕುಮಂಡಲ ಕಚ್ಚಿದರೂ ಬರುತ್ತದೆ. ಒಂದೊಂದಕ್ಕೆ ಒಂದೊಂದು ಮದ್ದು.

"ಅಲ್ಲಿ ನಾಯಿಯ ತುಟಿ ಎತ್ತಿ ನೋಡಿದ್ದರೇ?" ಎಂದು ಕೇಳಿದೆ. ಮೇಜಿನ ಆಚೆಯಿಂದಲೇ ನೋಡಿ ಪೊಟ್ಟಣ ಕಟ್ಟಿಕೊಟ್ಟಿದ್ದರಂತೆ. ಪುಡಿಯಲ್ಲಿ ಏನಿದೆಯೋ ಬಿಡಿ. ಸಮಗ್ರ ಎಂದು ಬರೆದುಕೊಂಡವರು ಇಡೀ ನಾಯಿಯನ್ನೇ ನೋಡಿರಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಾಟಿ ಮದ್ದಿನ ಮೇಲೆ ನನಗೆ ಹಗೆಯಿಲ್ಲ. ಹಸುವಿಗೆ ಕೆಚ್ಚಲು ಬಾವು ಶುರುವಾದಾಗ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ದಿನಕ್ಕೆ ಹಲವು ಸಲ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ಅದನ್ನು ನಾನೂ ಹೇಳುತ್ತೇನೆ. ಅದರಲ್ಲಿ ಏನಿದೆ, ಎಷ್ಟಿದೆ, ಎಲ್ಲಿಗೆ ಹಚ್ಚಬೇಕು ಎಲ್ಲವೂ ಬಯಲಿನಲ್ಲಿದೆ. ಹಸುವಿಗೆ ಆಗಿಬಂದದ್ದು ಬೆಕ್ಕಿಗೂ ಆಗುತ್ತದೆ ಎಂದುಕೊಂಡಾಗಲೇ ಎಡವುವುದು. ನಾವು, ನಾಯಿಗಳು ಕರಗಿಸಿ ಹೊರಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ಒಂದು ಪ್ಯಾರಾಸಿಟಮಾಲ್ ಮಾತ್ರೆ ಸಾಕು, ಬೆಕ್ಕು ಸಾಯಬಹುದು. ಟೀ ಟ್ರೀ ಎಣ್ಣೆ, ಕರ್ಪೂರ, ತುರಿಕೆಗೆಂದು ಮೈತುಂಬ ಬಳಿಯುವ ಬೇವಿನ ಎಣ್ಣೆ, ಇವೆಲ್ಲ ಗಿಡಮೂಲವೇ. ಬೆಕ್ಕು ಮೈಯನ್ನು ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ.

ಹಾಗಾದರೆ ಸಮಗ್ರ ಚಿಕಿತ್ಸೆ ಬೇಕೆನ್ನುವವರು ಎಂಥವರ ಬಳಿ ಹೋಗಬೇಕು? ಮೊದಲನೆಯದು ಪದವಿ, ನೋಂದಣಿ. ಬಿ.ವಿ.ಎಸ್ಸಿ. ಆ್ಯಂಡ್ ಎ.ಎಚ್. ಓದಿ, ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಪಶುವೈದ್ಯರಾಗಿ ಚಿಕಿತ್ಸೆ ನೀಡಬಹುದು ಎಂದು 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ. ಆಯುರ್ವೇದವೋ ಅಕ್ಯುಪಂಕ್ಚರೋ ಅದರ ಮೇಲಿನ ಕಲಿಕೆಯಾಗಿರಲಿ.

ಎರಡನೆಯದನ್ನು ಬೋರ್ಡು ನೋಡಿ ತಿಳಿಯಲಾಗದು, ಬೆಂಚಿನ ಮೇಲೆ ಕುಳಿತು ಗಮನಿಸಬೇಕು. ವೈದ್ಯರು ಏನೇನು ಕೇಳುತ್ತಾರೆ? ನಾಯಿ ರಾತ್ರಿ ಎಲ್ಲಿ ಮಲಗುತ್ತದೆ, ಕಾಡಿಗೆ ಹೋಗುತ್ತದೆಯೇ, ತೋಟಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು, ಮೈಲುತುತ್ತ ಕಲಸಿದ ಡ್ರಮ್ಮಿಗೆ ಬಾಯಿ ಹಾಕಿತ್ತೇ, ಅನ್ನಕ್ಕೆ ಏನು ಕಲಸಿ ಹಾಕುತ್ತೀರಿ? ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ದಿನಾ ಬಿದ್ದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ ಎಂದು ಹೇಳಿದವರುಂಟೇ? ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡು ಸುತ್ತಿ ಬಂದ ನಾಯಿ ಉಣುಗನ್ನು ಜಗಲಿಯವರೆಗೆ ತರಬಲ್ಲದು. ಹಾಗಾಗಿ ಮಲೆನಾಡಿನಲ್ಲಿ ನಾಯಿಯ ಮೈ ನೋಡುವವರು ಮನೆಮಂದಿಯ ಬಗ್ಗೆಯೂ ಎರಡು ಮಾತು ಕೇಳಲೇಬೇಕು. ಸಮಗ್ರ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು.

ಒಂದು ಬೆಕ್ಕಿನ ಸಂಗತಿ ಹೇಳುತ್ತೇನೆ. ವಿನೋಬನಗರದ ಮನೆಯೊಂದರದು, ಬರೀ ಹಾಲು-ಅನ್ನದ ಊಟ. ಕತ್ತಲಾದರೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕು, ಅದು ಸಿಗುವುದು ಮಾಂಸದಲ್ಲಿ. ಸಿಗದಿದ್ದರೆ ಕಣ್ಣಿನ ಅಕ್ಷಿಪಟಲವೂ ಹೃದಯವೂ ಸೋಲುತ್ತವೆ. "ನಮ್ಮ ಊರಿನ ಮನೆಯಲ್ಲೂ ಇದೇ ಊಟ, ಅಲ್ಲಿಯ ಬೆಕ್ಕು ಗಟ್ಟಿಯಾಗಿದೆಯಲ್ಲ" ಎಂದು ಮನೆಯವರು ವಾದಿಸಿದರು. ಊರಿನ ಬೆಕ್ಕು ಅಟ್ಟದ ಮೇಲೆ ಇಲಿ ಹಿಡಿಯುತ್ತದೆ, ಸ್ವಾಮಿ. ಸಸ್ಯಾಹಾರಿಗಳ ಮನೆಯಲ್ಲಿ ಈ ಮಾತು ಹೇಳುವುದು ನನಗೂ ಮುಜುಗರವೇ. ಆದರೂ ಹೇಳುತ್ತೇನೆ, ಟಾರಿನ್ ಸೇರಿಸಿದ ಬೆಕ್ಕಿನ ಆಹಾರದ ಪೊಟ್ಟಣವನ್ನಾದರೂ ತರಿಸುತ್ತೇನೆ.

ಹೆಸರಿಲ್ಲದ ಪುಡಿಯನ್ನು ಮನೆಗೆ ತರಬೇಡಿ. ಒಳಗೇನಿದೆ ಎಂದು ಬರೆದುಕೊಡಲು ಹಿಂಜರಿಯುವವರಿಂದ ಎದ್ದು ಬನ್ನಿ. ತುರಿಕೆ ಎರಡೇ ದಿನಕ್ಕೆ ಮಾಯವಾಗಿ, ಪುಡಿ ನಿಲ್ಲಿಸಿದೊಡನೆ ದುಪ್ಪಟ್ಟಾಗಿ ಮರಳಿದರೆ ನನಗೆ ಸ್ಟೀರಾಯ್ಡಿನ ವಾಸನೆ ಬಡಿಯುತ್ತದೆ. ಲಸಿಕೆ ವಿಷ, ಗಿಡಮೂಲಿಕೆಯಿಂದಲೇ ಹುಚ್ಚುನಾಯಿ ರೋಗ ತಡೆಯುತ್ತೇನೆ ಎಂದವರ ಜೊತೆ ಚರ್ಚೆಗೂ ನಿಲ್ಲಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯಲ್ಲೂ ಮದ್ದಿಲ್ಲ. ಮರಿಗೆ ಮೂರು ತಿಂಗಳಾಗುತ್ತಲೇ ಲಸಿಕೆ. ಮನುಷ್ಯರಿಗೆ ಕಚ್ಚಿದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ನೇರ ಆಸ್ಪತ್ರೆಗೆ.

ಹೋಮಿಯೋಪತಿಯ ಬಗ್ಗೆ ಕೇಳುತ್ತಾರೆ. ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚಿನದನ್ನು ಅದು ಮಾಡುತ್ತದೆ ಎನ್ನಲು ನನ್ನ ಬಳಿ ಕಾರಣವಿಲ್ಲ. ಅಕ್ಯುಪಂಕ್ಚರಿಗೆ ಕೀಲುನೋವಿನಲ್ಲಿ ಒಂದಿಷ್ಟು ಆಧಾರವಿದೆ. ಹಿಂಗಾಲು ಸೋತ ಮುದಿ ನಾಯಿಗೆ ಅದಕ್ಕಿಂತ ಹೆಚ್ಚು ನೆರವಾಗುವುದು ತೂಕ ಇಳಿಸುವುದು, ಜಾರುವ ಟೈಲ್ಸ್ ಮೇಲೆ ಗೋಣಿತಾಟು ಹಾಸುವುದು, ದಿನಕ್ಕೆ ಎರಡು ಸಲ ತೊಡೆ ನೀವುವುದು. ಇದಕ್ಕೆಲ್ಲ ಬಿಲ್ ಮಾಡಲು ಬರುವುದಿಲ್ಲ ನೋಡಿ, ಹೇಳುವವರೂ ಕಡಿಮೆ. ತನ್ನ ಕೈ ಮೀರಿದ್ದನ್ನು ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆದು ಕಳಿಸುವ ವೈದ್ಯರಾದರೆ ಅವರನ್ನು ಬಿಡಬೇಡಿ.

ಕರಿಯನಿಗೆ ಡಾಕ್ಸಿಸೈಕ್ಲಿನ್ ಕೊಟ್ಟೆ, 28 ದಿನ. ಮಾತ್ರೆಯನ್ನು ಮೊಸರನ್ನದಲ್ಲಿ ಅಡಗಿಸುತ್ತೇನೆ ಎಂದರು ಅಜ್ಜಿ. ಹಾಲು-ಮೊಸರಿನ ಕ್ಯಾಲ್ಸಿಯಂ ಆ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರೆ ಏನಾದರೂ ಕೊಡಿ ಎಂದೆ. "ಹಾಗೆ ಹೇಳಿ, ಸುಮ್ಮನೆ ಬೇಡ ಎಂದರೆ ನಾನು ಕೇಳುವವಳಲ್ಲ" ಎಂದು ನಕ್ಕರು. ಉಣುಗನ್ನು ಸೀಮೆಎಣ್ಣೆ ಹಾಕದೆ, ಚಿಮಟದಲ್ಲಿ ಬುಡ ಹಿಡಿದು ನೇರಕ್ಕೆ ಎಳೆಯುವುದನ್ನು ಅವರ ಕೈಯಿಂದಲೇ ಮಾಡಿಸಿದೆ.

ತಿಂಗಳ ನಂತರ ಬಂದಾಗ ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ. ಮಾತ್ರೆಯನ್ನು ದಿನವೂ ಕಡುಬಿನ ಚೂರಿನಲ್ಲಿಟ್ಟು ನುಂಗಿಸಿದರಂತೆ. ಈಗ ಹೊತ್ತು ಹೊತ್ತಿಗೆ ಕಡುಬು ಕೇಳುತ್ತಾ ಅಡುಗೆಮನೆಯ ಬಾಗಿಲಲ್ಲೇ ಮಲಗುತ್ತಾನೆ ಎಂಬುದು ಅಜ್ಜಿಯ ಹೊಸ ದೂರು.