ಡಾಟ್ ಒತ್ತಿದರೂ ಪಟ್ಟಿ ಬರೋದಿಲ್ಲ ಯಾಕೆ?

ಪ್ರಶ್ನೆ: ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವಾಗ ಡಾಟ್ ಒತ್ತಿದರೆ ಕೆಲವು ಕಡೆ ಸಲಹೆ ಬರುತ್ತದೆ, ಕೆಲವು ಕಡೆ ಸಂಬಂಧವೇ ಇಲ್ಲದ ಪದಗಳು ಬರುತ್ತವೆ. ಎಡಿಟರನ್ನೇ ತೆಗೆದು ಮತ್ತೆ ಹಾಕಿದೆ, ಆದರೂ ಸರಿಯಾಗಲಿಲ್ಲ. ಏನು ಮಾಡಲಿ? (ಶಿರಸಿಯಿಂದ ಒಬ್ಬ ಓದುಗರು)

ಮತ್ತೆ ತೆಗೆದು ಹಾಕಬೇಡಿ ಮಾರಾಯ್ರೇ, ಸುಮ್ನೆ ಡೇಟಾ ಖರ್ಚು.

ನೀವು ಕಳಿಸಿದ ಫೈಲ್ ನೋಡಿದೆ. ಅಡಿಕೆ ದರವನ್ನು ತೂಕದ ಜೊತೆ ಗುಣಿಸುವ ಪುಟ್ಟ ಲೆಕ್ಕ. ಮೇಲೆ ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆಯ ಮೂರು ಬಗೆಗಳ ದರಗಳನ್ನು ಕೈಯಲ್ಲೇ ಬರೆದಿದ್ದೀರಿ. ಅಲ್ಲಿ ಡಾಟ್ ಒತ್ತಿದರೆ ಮೂರೂ ಹೆಸರು ಸರಿಯಾಗಿ ಬರುತ್ತವೆ. ಕೆಳಗೆ ಅದೇ ದರವನ್ನು ಫೆಚ್ ಮಾಡಿ, ಅಂದರೆ ನೆಟ್‌ನಿಂದ ತರಿಸಿ, ಜೇಸನ್ ಎಂಬ ಮಾಹಿತಿ ಕಳಿಸುವ ಪಠ್ಯರೂಪದಿಂದ ತೆಗೆದಿದ್ದೀರಿ. ತೊಂದರೆ ಇರೋದು ಅಲ್ಲೇ.

ಸಲಹೆ ಕೊಡುವಾಗ ಎಡಿಟರ್ ನಿಮ್ಮ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೇ. ಓದುವ ಕೆಲಸ ಹಿಂದೆ ಕೂತ ಟೈಪ್‌ಸ್ಕ್ರಿಪ್ಟ್ ಸರ್ವರ್ ಎಂಬ ಪ್ರೋಗ್ರಾಂದು. ನೀವು ಬರೀ ಜಾವಾಸ್ಕ್ರಿಪ್ಟ್ ಬರೆದರೂ ಅದೇ. ನೆಟ್‌ನಿಂದ ಏನು ಬರುತ್ತದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಬಾಯಿ ಹೊಲಿದ ಚೀಲ ತೋರಿಸಿ ಒಳಗಿರೋದು ರಾಶಿಯೋ ಚಾಲಿಯೋ ಅಂತ ಕೇಳಿದ ಹಾಗೆ. ಗೊತ್ತಿಲ್ಲದಾಗ ಅದು ಫೈಲ್‌ನಲ್ಲಿ ಕಂಡ ಪದಗಳನ್ನೆಲ್ಲ ತಂದು ಸುರಿಯುತ್ತದೆ. ಪದದ ಎಡಕ್ಕೆ ಎಬಿಸಿ ಎಂಬ ಪುಟ್ಟ ಗುರುತು ಇದ್ದರೆ ಅದು ಅಂಥ ಊಹೆ ಎಂದೇ ತಿಳಿಯಿರಿ.

ಹಾಗಾಗಿ ಚೀಲಕ್ಕೆ ಚೀಟಿ ಹಚ್ಚಿ. ಜೇಸನ್ ಇಟ್ಟುಕೊಳ್ಳುವ ವೇರಿಯಬಲ್‌ನ ಸರಿಯಾಗಿ ಮೇಲಿನ ಸಾಲಿನಲ್ಲಿ ಒಂದು ಜೆಎಸ್‌ಡಾಕ್ ಕಾಮೆಂಟ್, ಅಂದರೆ ಎಡಿಟರ್‌ಗೆ ಅರ್ಥವಾಗುವ ಟಿಪ್ಪಣಿ, ಬರೆಯಿರಿ. ಅದರಲ್ಲಿ ಅಟ್ ಟೈಪ್ (@type) ಎಂದು ಹಾಕಿ, ಎರಡು ಜೋಡಿ ಕರ್ಲಿ ಬ್ರಾಕೆಟ್ ಒಳಗೆ ರಾಶಿ: ನಂಬರ್, ಚಾಲಿ: ನಂಬರ್ ಎಂದು ಹೇಳಿ. ಫಂಕ್ಷನ್‌ಗೆ ಬರುವ ಮೌಲ್ಯಗಳಿಗಾದರೆ ಅಟ್ ಪ್ಯಾರಮ್ (@param). ಒಂದು ಎಚ್ಚರ: ಕಾಮೆಂಟ್ ಶುರುವಾಗಬೇಕಾದ್ದು ಸ್ಲ್ಯಾಶ್ ಮತ್ತು ಎರಡು ನಕ್ಷತ್ರದಿಂದ. ಒಂದೇ ನಕ್ಷತ್ರ ಹಾಕಿದರೆ ಎಡಿಟರ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಇನ್ನೊಂದು ನಕ್ಷತ್ರ ಹುಡುಕುತ್ತ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ.

ಲೋಡ್ಯಾಶ್‌ನಂಥ ಕೆಲವು ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಕೋಡ್‌ನ, ಕಥೆ ಬೇರೆ. ಅವುಗಳ ಜೊತೆ ಒಳಗೇನಿದೆ ಎಂದು ಹೇಳುವ ಟೈಪ್ ಫೈಲ್ ಬರುವುದಿಲ್ಲ. ವಿಎಸ್ ಕೋಡ್ ಹಿಂದಿನಿಂದ ಎನ್‌ಪಿಎಂ ಎಂಬ ಲೈಬ್ರರಿ ಇಳಿಸುವ ತಂತ್ರಾಂಶ ಬಳಸಿ ಅದನ್ನು ತಾನೇ ಇಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋಗಿ ನೆಟ್ ಸತ್ತಿದ್ದರೆ ಇಳಿಸೋದು ಎಲ್ಲಿಂದ? ಎನ್‌ಪಿಎಂ ಹಾಕಿದೆಯಾ ನೋಡಿ, ನೆಟ್ ಇದ್ದಾಗ ಪ್ರಾಜೆಕ್ಟ್ ಒಮ್ಮೆ ತೆರೆದಿಡಿ. ಒಂದು ಸಲ ಇಳಿದರೆ ಆಮೇಲೆ ನೆಟ್ ಬೇಡ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಕಾಟ ಇದೆ. ಪಟ್ಟಿ ಕರೆಯುವ ಕಂಟ್ರೋಲ್ ಸ್ಪೇಸ್ ಕೀಲಿಯನ್ನೇ ಮ್ಯಾಕ್‌ನಲ್ಲೂ ಲಿನಕ್ಸ್‌ನ ಕೆಲವು ಇನ್‌ಪುಟ್ ತಂತ್ರಾಂಶಗಳಲ್ಲೂ ಭಾಷೆ ಬದಲಿಸಲು ಇಟ್ಟಿರುತ್ತಾರೆ. ಪಟ್ಟಿಯ ಬದಲು ಕನ್ನಡ ಅಕ್ಷರ ಮೂಡಿದರೆ ಎರಡರಲ್ಲಿ ಒಂದರ ಕೀಲಿ ಬದಲಿಸಿ.

ಫೈಲ್ ಒಂದನ್ನೇ ತೆರೆಯಬೇಡಿ, ಇಡೀ ಫೋಲ್ಡರ್ ತೆರೆಯಿರಿ. ಅದರಲ್ಲಿ ಜೆಎಸ್‌ಕಾನ್ಫಿಗ್ ಎಂಬ ಜೇಸನ್ ಫೈಲ್ ಇಟ್ಟರೆ ಎಲ್ಲ ಫೈಲ್‌ಗಳೂ ಒಂದೇ ಪ್ರಾಜೆಕ್ಟ್ ಎಂದು ಎಡಿಟರ್‌ಗೆ ತಿಳಿಯುತ್ತದೆ. ಕೆಳಗೆ ಬಲಮೂಲೆಯಲ್ಲಿ ಪ್ಲೇನ್ ಟೆಕ್ಸ್ಟ್ ಅಂತಿದ್ದರೆ ಅದನ್ನೂ ಜಾವಾಸ್ಕ್ರಿಪ್ಟ್‌ಗೆ ಬದಲಿಸಿ.

ಇಷ್ಟಾದರೂ ಆಗಲಿಲ್ಲವೇ? ಕಂಟ್ರೋಲ್ ಶಿಫ್ಟ್ ಪಿ ಒತ್ತಿ, ರೀಸ್ಟಾರ್ಟ್ ಟಿಎಸ್ ಸರ್ವರ್ ಆರಿಸಿ. ಜಾವಾಸ್ಕ್ರಿಪ್ಟ್ ಫೈಲ್ ತೆರೆದಿದ್ದರೆ ಮಾತ್ರ ಆ ಆಯ್ಕೆ ಕಾಣುತ್ತದೆ.