ಪದ ಪರಿಚಯ: ಕಟ್ಟಡ ಪರವಾನಗಿ

ಅಡುಗೆಮನೆಗೂ ಹಾಲ್‌ಗೂ ನಡುವೆ ಒಂದು ಗೋಡೆ. ಅದೊಂದನ್ನು ತೆಗೆದರೆ ಮನೆ ಎಷ್ಟು ವಿಶಾಲ ಆಗುತ್ತದೆ ಅಂತ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಮಾತು ನಡೆದಿತ್ತು. ಕೊನೆಗೊಂದು ದಿನ ಮೇಸ್ತ್ರಿಯನ್ನು ಕರೆಸಿದೆವು. ಅವರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ, "ಇದು ಸುಮ್ನೆ ಅಡ್ಡಗೋಡೆ, ಒಂದೇ ದಿನದ ಕೆಲಸ" ಎಂದರು. ಪರವಾನಗಿ ಏನಾದರೂ ಬೇಕಾಗುತ್ತದಾ ಎಂದು ಕೇಳಿದೆ. "ನಿಮ್ಮ ಮನೆ, ನಿಮ್ಮ ಗೋಡೆ. ಯಾರನ್ನ ಕೇಳಬೇಕು?" ಎಂದರು.

ಆದರೂ ಮನಸ್ಸು ಒಪ್ಪಲಿಲ್ಲ, ವಿಚಾರಿಸಿದೆ. ಗೋಡೆ ತೆಗೆಯುವುದಾದರೆ ಎಂಜಿನಿಯರ್ ಸಹಿ ಇರುವ ನಕ್ಷೆ ಬೇಕು ಎಂದು ಗೊತ್ತಾಯಿತು. ಎಂಜಿನಿಯರ್ ಬಂದು ಗೋಡೆಯ ನೆತ್ತಿಯ ಹತ್ತಿರ, ಚಾವಣಿಗೆ ತಾಗುವ ಜಾಗದಲ್ಲಿ, ಉಳಿಯಿಂದ ಒಂದು ಅಂಗೈ ಅಗಲ ಗಾರೆ ಕೆತ್ತಿಸಿದರು. ಅಲ್ಲಿ ಬೀಮ್, ಅಂದರೆ ಚಾವಣಿಯ ಭಾರ ಹೊರುವ ಅಡ್ಡ ತೊಲೆ, ಇರಲಿಲ್ಲ. ಎರಡೂ ಕಡೆಯ ಸ್ಲ್ಯಾಬ್ ನೇರವಾಗಿ ಇಟ್ಟಿಗೆಯ ಮೇಲೇ ಕೂತಿತ್ತು. ನಾವು ಅಡ್ಡಗೋಡೆ ಅಂದುಕೊಂಡದ್ದು ಮನೆಯನ್ನು ಹೊತ್ತು ನಿಂತ ಗೋಡೆ. ಆ ಅಂಗೈ ಅಗಲದ ಜಾಗ ನೋಡಿದ ದಿನದಿಂದ ‘ಪರವಾನಗಿ’ ಎಂಬ ಪದ ನನಗೆ ಬೇರೆಯಾಗಿ ಕೇಳಿಸುತ್ತದೆ.

ಪದ ಪರ್ಷಿಯನ್ ಮೂಲದ್ದು. ‘ಪರ್ವಾನಾ’ ಎಂದರೆ ಅಧಿಕಾರದಲ್ಲಿ ಇರುವವರು ಕೊಟ್ಟ ಲಿಖಿತ ಅಪ್ಪಣೆ. ಅರ್ಜಿ, ಜಮೀನು, ದಾಖಲೆ ಇವುಗಳ ಹಾಗೆ ಇದೂ ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದು ನಮ್ಮದೇ ಆಗಿಬಿಟ್ಟಿದೆ. ‘ಅಪ್ಪಣೆ’ ಎಂಬ ಆ ಹಳೆಯ ಅರ್ಥವೇ ನಮ್ಮನ್ನು ದಾರಿ ತಪ್ಪಿಸುವುದು. ನನ್ನ ಮನೆಯಲ್ಲಿ ನಾನು ಏನಾದರೂ ಮಾಡಿಕೊಳ್ಳಲು ಇನ್ನೊಬ್ಬರ ಅಪ್ಪಣೆ ಏಕೆ ಅನ್ನಿಸುತ್ತದೆ, ಅಲ್ವಾ? ಆದರೆ ಕಟ್ಟಡ ಪರವಾನಗಿಯಲ್ಲಿ ಅಪ್ಪಣೆಗಿಂತ ಮುಖ್ಯವಾದದ್ದು ತಪಾಸಣೆ. ನೀವು ಮಾಡಲು ಹೊರಟ ಕೆಲಸವನ್ನು ಕಾಗದದ ಮೇಲೆ ತೋರಿಸುತ್ತೀರಿ. ಅದು ಆ ಊರಿನ ಕಟ್ಟಡ ನಿಯಮಕ್ಕೆ ಹೊಂದುತ್ತದೆಯೇ ಎಂದು ಸ್ಥಳೀಯ ಆಡಳಿತ ನೋಡುತ್ತದೆ. ಹೊಂದಿದರೆ ಬರೆದು ಕೊಡುತ್ತದೆ. ಎಷ್ಟೋ ಕಡೆ ಕೆಲಸ ನಡೆಯುವಾಗಲೂ ಬಂದು ನೋಡುತ್ತದೆ.

ಯಾವ ಕೆಲಸಕ್ಕೆ ಪರವಾನಗಿ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ: ಕೆಲಸ ಮುಗಿದ ಮೇಲೆ ಏನು ಮುಚ್ಚಿಹೋಗುತ್ತದೆ? ಬಣ್ಣ ಬಳಿದರೆ ಏನೂ ಮುಚ್ಚಿಹೋಗುವುದಿಲ್ಲ. ಬಣ್ಣ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಬಳಿದರಾಯಿತು. ಆದರೆ ಗೋಡೆಯೊಳಗಿನ ವೈರ್, ನೆಲದಡಿಯ ಪೈಪ್, ಕಾಂಕ್ರೀಟಿನೊಳಗಿನ ಕಂಬಿ, ಮಣ್ಣಿನಡಿಯ ಪಾಯ ಇವೆಲ್ಲ ಒಮ್ಮೆ ಮುಚ್ಚಿದರೆ ಮುಗಿಯಿತು. ಅಲ್ಲಿ ತಪ್ಪಾಗಿದ್ದರೆ ಗೊತ್ತಾಗುವುದು ಬೆಂಕಿ ಹತ್ತಿದಾಗ, ಸೋರಿದಾಗ ಅಥವಾ ಬಿರುಕು ಬಿಟ್ಟಾಗ. ಪರವಾನಗಿಯ ನಿಯಮಗಳು ಜಾಸ್ತಿ ಬಿಗಿಯಾಗಿರುವುದು ಇಂಥ ಕೆಲಸಗಳಿಗೇ.

ಈ ಕಾಳಜಿ ಇವತ್ತಿನದಲ್ಲ. ಸುಮಾರು 3,750 ವರ್ಷಗಳ ಹಿಂದಿನ ಬ್ಯಾಬಿಲೋನಿನ ಹಮ್ಮುರಾಬಿಯ ಕಟ್ಟಳೆಗಳಲ್ಲೇ ಮನೆ ಕಟ್ಟುವವರ ಮಾತು ಬರುತ್ತದೆ. ಕಟ್ಟಿದ ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಗೋಡೆ ವಾಲುವಂತಿದ್ದರೆ ಅವನೇ ತನ್ನ ಖರ್ಚಿನಲ್ಲಿ ಗಟ್ಟಿ ಮಾಡಿಕೊಡಬೇಕು. ಆದರೆ ಇದೆಲ್ಲ ಮನೆ ಬಿದ್ದ ಮೇಲಿನ ಅಥವಾ ಬೀಳುವ ಹಂತಕ್ಕೆ ಬಂದ ಮೇಲಿನ ಮಾತು. ಕಟ್ಟುವ ಮೊದಲೇ ಹೀಗೆ ಕಟ್ಟಿ ಎಂದು ಹೇಳುವ ನಿಯಮಗಳನ್ನು ಊರುಗಳಿಗೆ ಕಲಿಸಿದ್ದು ಮುಖ್ಯವಾಗಿ ಬೆಂಕಿ. 1666ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ಸುಮಾರು 13,200 ಮನೆಗಳನ್ನು ಸುಟ್ಟಿತು. ಮರದ ಮನೆಗಳು, ಇಕ್ಕಟ್ಟಾದ ಬೀದಿಗಳು. ಮರುವರ್ಷವೇ ಕಾನೂನು ಬಂತು: ಹೊಸ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು. ನಿಮ್ಮ ಮನೆಯ ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದು ಪಕ್ಕದ ಮನೆಯವರ ಜೀವದ ಪ್ರಶ್ನೆಯೂ ಹೌದು ಎಂದು ಆ ಊರು ಅಷ್ಟು ದೊಡ್ಡ ಬೆಲೆ ತೆತ್ತು ಕಲಿಯಿತು.

ಗೋಡೆಯ ಮಾತಿಗೇ ವಾಪಸ್ ಬರೋಣ. 1968ರ ಮೇ 16ರಂದು ಲಂಡನ್ನಿನ ಪೂರ್ವ ಭಾಗದ ರೋನನ್ ಪಾಯಿಂಟ್ ಎಂಬ 22 ಮಹಡಿಯ ವಸತಿ ಕಟ್ಟಡದ 18ನೇ ಮಹಡಿಯಲ್ಲಿ ಅಡುಗೆ ಗ್ಯಾಸ್ ಸ್ಫೋಟವಾಯಿತು. ಸ್ಫೋಟ ಹೊರಕ್ಕೆ ತಳ್ಳಿದ್ದು ಆ ಒಂದು ಮನೆಯ ಭಾರ ಹೊರುವ ಗೋಡೆಗಳನ್ನು. ಆಸರೆ ಹೋದ ಮೇಲಿನ ಮಹಡಿಗಳು ಕುಸಿದವು. ಅವುಗಳ ಹೊಡೆತಕ್ಕೆ ಕೆಳಗಿನವೂ ಕುಸಿದವು. ಕಟ್ಟಡದ ಒಂದು ಮೂಲೆ ಪೂರ್ತಿ ಬಿತ್ತು, ನಾಲ್ವರು ಸತ್ತರು. ಆಮೇಲೆ ಬ್ರಿಟನ್ನಿನ ಕಟ್ಟಡ ನಿಯಮಗಳೇ ಬದಲಾದವು. ಭಾರ ಹೊರುವ ಗೋಡೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ತಟ್ಟಿ ನೋಡಿದರೆ ಸದ್ದಿನಲ್ಲಿ ಅದು ಗೊತ್ತಾಗುವುದಿಲ್ಲ. ಅದರ ಮೇಲೆ ಏನು ಕೂತಿದೆ ಎಂದು ನೋಡಬೇಕು.

ಮೇಲೊಂದು ಮಹಡಿ ಎಬ್ಬಿಸುವ ಆಸೆಯೂ ಇಂಥದ್ದೇ. ತಾರಸಿ ಖಾಲಿ ಇದೆ, ಒಂದು ರೂಮ್ ಹಾಕಿದರೆ ಆಯಿತು ಅನ್ನಿಸುತ್ತದೆ. ಆದರೆ ಆ ರೂಮಿನ ತೂಕ ಇಳಿಯುವುದು ಪಾಯಕ್ಕೆ. ಪಾಯ ಎಷ್ಟಕ್ಕೆ ಹಾಕಿದ್ದು ಎಂಬುದು ಹಳೆಯ ನಕ್ಷೆಯಲ್ಲಿ ಇರುತ್ತದೆ, ಕಣ್ಣಳತೆಗೆ ಸಿಗುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಮಳಿಗೆ ಕಟ್ಟಡಕ್ಕೆ ಮೊದಲ ಯೋಜನೆಯಲ್ಲಿ ಇಲ್ಲದ ಐದನೇ ಮಹಡಿ ಸೇರಿಸಿದ್ದರು. ಎಸ್ಕಲೇಟರ್‌ಗಾಗಿ ಕಂಬಗಳನ್ನು ತೆಗೆದಿದ್ದರು. 1995ರ ಜೂನ್ 29ರಂದು ಅದು ಕುಸಿದು 502 ಜನ ಸತ್ತರು. ಅದು ಮಳಿಗೆ, ನಮ್ಮದು ಮನೆ. ಆದರೂ ತೂಕದ ಲೆಕ್ಕ ಎರಡಕ್ಕೂ ಒಂದೇ.

ಇನ್ನು ‘ಸೆಟ್‌ಬ್ಯಾಕ್’. ಪರವಾನಗಿ ಕೇಳಲು ಹೋದವರು ಮೊದಲ ದಿನವೇ ಕೇಳುವ ಪದ ಇದು. ನಿಮ್ಮ ಜಾಗದ ಗಡಿಯಿಂದ ಕಟ್ಟಡದವರೆಗೆ ಖಾಲಿ ಬಿಡಬೇಕಾದ ಅಂತರಕ್ಕೆ ಈ ಹೆಸರು. ಮುಂದೆ, ಹಿಂದೆ, ಎರಡೂ ಪಕ್ಕ, ಒಂದೊಂದಕ್ಕೂ ಬೇರೆ ಅಳತೆ ಇರಬಹುದು. ಗಾಳಿ ಬೆಳಕು ಬರಲು, ಬೆಂಕಿ ದಾಟದಿರಲು, ರಕ್ಷಣೆಗೆ ಬಂದವರು ಓಡಾಡಲು ಬಿಟ್ಟ ಜಾಗ ಅದು. ನ್ಯೂಯಾರ್ಕಿನಲ್ಲಿ 1915ರಲ್ಲಿ ಮುಗಿದ ಈಕ್ವಿಟಬಲ್ ಕಟ್ಟಡ ಬೀದಿಯಂಚಿನಿಂದ ಎಲ್ಲೂ ಹಿಂದೆ ಸರಿಯದೆ ನೇರ ಮೇಲಕ್ಕೆ ಎದ್ದು ನಿಂತಿತು. ಸುತ್ತಲಿನವರ ಪಾಲಿನ ಬಿಸಿಲು ಹೋಯಿತು. 1916ರಲ್ಲಿ ಆ ನಗರ ಮಾಡಿದ ನಿಯಮದ ಪ್ರಕಾರ, ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕಾಯಿತು. ಮನೆ ಮಟ್ಟದಲ್ಲಿ ಸೆಟ್‌ಬ್ಯಾಕ್ ತಿನ್ನುವುದು ಸಣ್ಣ ಸಣ್ಣ ಕೆಲಸಗಳು: ಒಂದು ಶೀಟಿನ ಮಾಡು, ಪಕ್ಕದಲ್ಲೊಂದು ಮೆಟ್ಟಿಲು, ಗಾಡಿ ನಿಲ್ಲಿಸಲು ಶೆಡ್, ಮುಂದೆ ಚಾಚಿದ ಬಾಲ್ಕನಿ. ಇವು ಕಟ್ಟಡವೇ ಅಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ನಿಯಮದ ಲೆಕ್ಕದಲ್ಲಿ ಇವೂ ಕಟ್ಟಡವೇ.

ಪರವಾನಗಿ ಬೇಡದ ಕೆಲಸಗಳೂ ಬೇಕಾದಷ್ಟಿವೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ, ಅಂದರೆ ಕಟ್ಟಡ ನಿಯಮಗಳ ಸಂಗ್ರಹದ, ಪಟ್ಟಿಯಲ್ಲಿ ಸುಣ್ಣ ಬಣ್ಣ, ಗಾರೆ, ನೆಲ ಬದಲಿಸುವುದು, ಫಾಲ್ಸ್ ಸೀಲಿಂಗ್, ಪಾರ್ಟಿಷನ್ ಇಂಥವು ಬರುತ್ತವೆ. ಆದರೆ ಒಂದು ಷರತ್ತು: ಕಟ್ಟಡದ ಗಟ್ಟಿತನಕ್ಕೂ ಬೆಂಕಿಯ ಸುರಕ್ಷತೆಗೂ ಧಕ್ಕೆ ಆಗಬಾರದು. ಅಮೆರಿಕದ ಬಹುಪಾಲು ಊರುಗಳು ಆಧಾರವಾಗಿ ಇಟ್ಟುಕೊಂಡಿರುವ ವಸತಿ ಸಂಹಿತೆಯ ಈಚಿನ ಆವೃತ್ತಿಗಳಲ್ಲಿ 200 ಚದರ ಅಡಿ ಮೀರದ, ಮನೆಗೆ ಅಂಟಿಕೊಳ್ಳದ ಒಂದಂತಸ್ತಿನ ಶೆಡ್‌ಗೆ ಪರವಾನಗಿ ಬೇಡ. 7 ಅಡಿವರೆಗಿನ ಬೇಲಿಗೂ ಬೇಡ. ಇಂಗ್ಲೆಂಡಿನಲ್ಲಿ ಬೇಲಿಯ ಮಿತಿ ಸಾಮಾನ್ಯವಾಗಿ 2 ಮೀಟರ್. ಅದೇ ಬೇಲಿ ವಾಹನ ಓಡಾಡುವ ರಸ್ತೆಯ ಪಕ್ಕದಲ್ಲಿದ್ದರೆ 1 ಮೀಟರ್ ಮಾತ್ರ.

ಈ ಅಂಕಿಗಳನ್ನು ನೀವು ನೆನಪಿಡಲಿ ಅಂತ ಕೊಡುತ್ತಿಲ್ಲ. ಒಂದೇ ಬೇಲಿಗೆ ಎಷ್ಟು ಲೆಕ್ಕ ಇದೆ ನೋಡಿ! ರಾಷ್ಟ್ರ ಮಟ್ಟದ ಸಂಹಿತೆ ಎಷ್ಟೋ ದೇಶಗಳಲ್ಲಿ ಮಾದರಿ ಮಾತ್ರ. ಅದನ್ನು ಒಪ್ಪಿಕೊಳ್ಳುವುದು, ತಿದ್ದುವುದು, ಬಿಗಿ ಮಾಡುವುದು ಸ್ಥಳೀಯ ಆಡಳಿತಕ್ಕೆ ಬಿಟ್ಟದ್ದು. ಮಣ್ಣು ಬೇರೆ, ಮಳೆ ಬೇರೆ, ಭೂಕಂಪದ ಭಯ ಬೇರೆ. ಹಾಗಾಗಿ ಪಕ್ಕದ ಊರಿನ ನೆಂಟರು "ನಾವೇನೂ ಕೇಳಲಿಲ್ಲ, ಏನೂ ಆಗಲಿಲ್ಲ" ಎಂದರೆ ಅದು ನಿಮ್ಮ ಮನೆಗೆ ಉತ್ತರ ಅಲ್ಲ. ವಿಡಿಯೋ ನೋಡಿ ಕಲಿತದ್ದೂ ಅಷ್ಟೇ. ನಿಮ್ಮ ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅವರನ್ನೇ ಕೇಳಬೇಕು. ಕೇಳುವಾಗ "ಮನೆ ರಿಪೇರಿ" ಎನ್ನಬೇಡಿ. ಆ ಮಾತಿನಲ್ಲಿ ಎಲ್ಲವೂ ಅಡಗುತ್ತದೆ, ಉತ್ತರವೂ ಹಾಗೇ ಮಸುಕಾಗಿ ಬರುತ್ತದೆ. "ಈ ಗೋಡೆಯಲ್ಲಿ ಇಷ್ಟು ಅಗಲದ ಬಾಗಿಲು ಹೊಸದಾಗಿ ತೆಗೆಯುತ್ತೇವೆ, ಬಚ್ಚಲಿನ ಪೈಪ್ ಇಲ್ಲಿಂದ ಅಲ್ಲಿಗೆ ಹೋಗುತ್ತದೆ" ಎಂದು ಅಳತೆಯ ಸಮೇತ ಹೇಳಿ. ಸಿಕ್ಕ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕಟ್ಟಡ ಪರವಾನಗಿ ಒಂದೇ ಅಂತಲೂ ತಿಳಿಯಬೇಡಿ. ಅಪಾರ್ಟ್‌ಮೆಂಟ್ ಸಂಘ ಒಪ್ಪಿದ್ದು ಸಂಘದ ಒಪ್ಪಿಗೆ, ಅಷ್ಟೇ. ಆಡಳಿತದ ಪರವಾನಗಿ ಬೇರೆ. ಆಡಳಿತ ಕೊಟ್ಟಿದ್ದರೂ ಸಂಘ ಬೇಡ ಎನ್ನಬಹುದು. ಪರಂಪರೆಯ ಕಟ್ಟಡ ಎಂದು ಗುರುತಾದ ಮನೆಯಾದರೆ ಒಂದು ಕಿಟಕಿ ಬದಲಿಸಲೂ ಪ್ರತ್ಯೇಕ ಅನುಮತಿ ಬೇಕಾಗಬಹುದು. ಇಂಗ್ಲೆಂಡಿನಲ್ಲಿ ಅಂಥ ಮನೆಯ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಕೇಳದೆ ಮಾಡುವುದು ಅಪರಾಧ. ಮನೆಯ ಒಂದು ಕೋಣೆಯನ್ನು ಅಂಗಡಿ ಮಾಡಿದರೆ ಒಂದು ಇಟ್ಟಿಗೆ ಕದಲದಿದ್ದರೂ ‘ಬಳಕೆ ಬದಲಾವಣೆ’ ಎಂಬ ಇನ್ನೊಂದು ಅನುಮತಿಯ ಮಾತು ಬರುತ್ತದೆ.

ಎರಡು ಮನೆಗೆ ಒಂದೇ ಗೋಡೆ ಇದ್ದರೆ ಪಕ್ಕದವರೂ ಲೆಕ್ಕಕ್ಕೆ ಬರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆಂದೇ 1996ರ ಒಂದು ಕಾನೂನು ಇದೆ. ಹಂಚಿಕೊಂಡ ಗೋಡೆ ಮುಟ್ಟುವ ಮೊದಲು ಪಕ್ಕದವರಿಗೆ ಎರಡು ತಿಂಗಳ ನೋಟಿಸ್ ಕೊಡಬೇಕು. ಅವರ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ಅಗೆಯುವುದಾದರೆ ಒಂದು ತಿಂಗಳು. ನನಗೆ ಈ ನಿಯಮ ಬಹಳ ಇಷ್ಟ. ಜಗಳ ಹುಟ್ಟುವ ಮೊದಲೇ ಅದು ಮಾತು ಹುಟ್ಟಿಸುತ್ತದೆ. ಕಾನೂನು ಇಲ್ಲದ ಕಡೆಯೂ ಪಕ್ಕದವರ ಗೋಡೆಯ ಈಗಿನ ಬಿರುಕುಗಳ ಫೋಟೋ ಅವರ ಜೊತೆಗೇ ನಿಂತು ತೆಗೆದುಕೊಳ್ಳುವುದು ಒಳ್ಳೆಯದು.

ಅಗೆಯುವ ಮೊದಲು ನೆಲದಡಿ ಏನಿದೆ ಎಂದು ಕೇಳಬೇಕು. ಅಮೆರಿಕದಲ್ಲಿ ಇದಕ್ಕೆ 811 ಎಂಬ ಫೋನ್ ಸಂಖ್ಯೆಯೇ ಇದೆ. ಕರೆ ಮಾಡಿದರೆ ಗ್ಯಾಸ್, ಕರೆಂಟ್, ನೀರಿನ ಸಾಲುಗಳನ್ನು ನೆಲದ ಮೇಲೆ ಗುರುತು ಹಾಕಿಸಿಕೊಡುತ್ತಾರೆ. ಹಳೆಯ ಮನೆ ಕೆಡಹುವಾಗ ಧೂಳಿನ ಬಗ್ಗೆಯೂ ಯೋಚಿಸಬೇಕು. ಮನೆ ಬಣ್ಣದಲ್ಲಿ ಸೀಸದ ಬಳಕೆಯನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಬ್ರಿಟನ್ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದಕ್ಕೂ ಹಿಂದಿನ ಗೋಡೆಯ ಬಣ್ಣ ಉಜ್ಜಿದರೆ, ಹಳೆಯ ಶೀಟ್ ಒಡೆದರೆ ಆ ಪುಡಿ ಮನೆಮಂದಿಯ ಉಸಿರಿಗೆ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಪರವಾನಗಿ ಸಿಕ್ಕ ಮೇಲೂ ಎರಡು ವಿಷಯ ಮರೆಯಬಾರದು. ಒಂದು, ಅದಕ್ಕೆ ಅವಧಿ ಇರುತ್ತದೆ. ಆಗ ಹೇಳಿದ ಅಮೆರಿಕದ ಸಂಹಿತೆಯಲ್ಲಿ 180 ದಿನದೊಳಗೆ ಕೆಲಸ ಶುರುವಾಗದಿದ್ದರೆ ಪರವಾನಗಿ ಬಿದ್ದುಹೋಗುತ್ತದೆ. ಇನ್ನೊಂದು, ತಪಾಸಣೆ. ವೈರ್ ಎಳೆದು, ಪೈಪ್ ಕೂರಿಸಿ, ಕಂಬಿ ಕಟ್ಟಿದ ಮೇಲೆ, ಮುಚ್ಚುವ ಮೊದಲು ಬಂದು ನೋಡುವ ಪದ್ಧತಿ ಎಷ್ಟೋ ಕಡೆ ಇದೆ. ನೋಡುವ ಮೊದಲೇ ಗಾರೆ ಮೆತ್ತಿದರೆ ಕೆಡವಿ ತೋರಿಸಬೇಕಾಗುತ್ತದೆ. ತಪಾಸಣೆಯ ಪದ್ಧತಿ ಇಲ್ಲದ ಕಡೆ ಆ ಕೆಲಸವನ್ನು ನೀವೇ ಮಾಡಿ. ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಟೇಪ್ ಹಿಡಿದುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಎಂದು ಗೊತ್ತಿರುತ್ತದೆ.

"ಪರವಾನಗಿಗೆ ಹೋದರೆ ತಡ, ಸುಮ್ನೆ ಶುರು ಮಾಡೋಣ" ಎನ್ನುವ ಗುತ್ತಿಗೆದಾರರು ಸಿಗುತ್ತಾರೆ. ಕೆಲಸ ಮುಗಿದ ಮೇಲೆ ಅವರು ಹೋಗುತ್ತಾರೆ, ಮನೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ನೋಟಿಸ್, ದಂಡ, ಕೆಡಹುವ ಆದೇಶ ಏನೇ ಬಂದರೂ ಅದು ಮಾಲೀಕರಿಗೇ. ಮಾರುವಾಗ ಕೊಳ್ಳುವವರ ವಕೀಲರು ಮಂಜೂರಾದ ನಕ್ಷೆಯನ್ನೂ ಇರುವ ಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಸಾಲ ಕೊಡುವವರೂ ನೋಡುತ್ತಾರೆ. ಅವಘಡ ಆದಾಗ ವಿಮೆಯವರು ಕೇಳುವುದೂ ಅದೇ ಕಾಗದ.

ನಮ್ಮ ಗೋಡೆಯನ್ನು ಪೂರ್ತಿ ತೆಗೆಯಲಿಲ್ಲ. ಮೊದಲು ಎರಡೂ ಬದಿಯ ಸ್ಲ್ಯಾಬ್‌ಗೆ ಕಬ್ಬಿಣದ ಜಾಕಿ ಕೊಟ್ಟರು. ಆಮೇಲೆ ಗೋಡೆಯ ನೆತ್ತಿಯಲ್ಲಿ ಬೀಮ್ ಕೂರಿಸಿ, ಅದರ ಕೆಳಗೆ ಬಾಗಿಲಿನಷ್ಟು ಅಗಲ ತೆಗೆದರು. ಒಂದು ದಿನದ ಕೆಲಸ ಎಂದದ್ದು ಮೂರು ವಾರ ಹಿಡಿಯಿತು. ಹಾಲ್‌ಗೆ ಬೆಳಕು ಬಂದಿದೆ. ಬೀಮ್ ಕೂರಿಸಿದ ದಿನದ ಫೋಟೋಗಳು, ಎಂಜಿನಿಯರ್ ಸಹಿಯ ನಕ್ಷೆ, ಪರವಾನಗಿ ಎಲ್ಲ ಈಗ ಮನೆಯ ಕ್ರಯಪತ್ರದ ಜೊತೆ ಒಂದೇ ಫೈಲಿನಲ್ಲಿವೆ.